ಹಳೆಯ ವಿದ್ಯಾರ್ಥಿಗಳ ಹಣ, ತರಬೇತುದಾರನ ಸಂಬಳ

ಅಮೆರಿಕ ಸಂಯುಕ್ತ ಸಂಸ್ಥಾನದ ಬಹುಪಾಲು ರಾಜ್ಯಗಳಲ್ಲಿ, ಗವರ್ನರ್, ನ್ಯಾಯಾಧೀಶ ಮತ್ತು ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರನ್ನೂ ಒಳಗೊಂಡಂತೆ ರಾಜ್ಯದ ನೌಕರರೆಲ್ಲರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವನು ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರನಾಗಿರುತ್ತಾನೆ. ಇಲ್ಲಿ ಫುಟ್‌ಬಾಲ್ ಎಂದರೆ ಜಗತ್ತಿನ ಉಳಿದೆಡೆ ಕಾಲಿನಿಂದ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿಕೊಂಡು ಮುನ್ನುಗ್ಗುವ, ಹನ್ನೊಂದು ಜನರ ಎರಡು ತಂಡಗಳ ಅಮೆರಿಕನ್ ಆಟ. ಈ ತರಬೇತುದಾರರ ಸಂಬಳದ ದೊಡ್ಡ ಪಾಲು ರಾಜ್ಯದ ಖಜಾನೆಯಿಂದಲೋ ವಿದ್ಯಾರ್ಥಿಗಳ ಶುಲ್ಕದಿಂದಲೋ ಬರುವುದಿಲ್ಲವೆಂದು ವಿಶ್ವವಿದ್ಯಾಲಯಗಳು ಪ್ರತಿ ನೇಮಕದ ಸಂದರ್ಭದಲ್ಲಿಯೂ ಹೇಳುತ್ತ ಬಂದಿವೆ, ಮತ್ತು ಆ ಮಾತು ಬಹುಮಟ್ಟಿಗೆ ನಿಜ. ಟಿಕೆಟ್ ಮಾರಾಟ ಮತ್ತು ದೂರದರ್ಶನ ಪ್ರಸಾರದ ಆದಾಯದ ಜೊತೆಗೆ ಸಿರಿವಂತ ಹಳೆಯ ವಿದ್ಯಾರ್ಥಿಗಳ ದೇಣಿಗೆ ಈ ಸಂಬಳವನ್ನು ಭರಿಸುತ್ತದೆ. ಆದರೆ ಸಂಬಳ ಕೊಡುವವನು ಯಾರೋ ನೌಕರನನ್ನು ಆರಿಸುವವನೂ ಅವನೇ ಆಗುವ ಲೋಕನಿಯಮ ಇಲ್ಲಿಯೂ ನಡೆದಿದ್ದು, ವಿದ್ಯಾಸಂಸ್ಥೆಯ ಅಧಿಕಾರವು ಅದರ ಕೈಯಿಂದ ಹೇಗೆ ಜಾರಿತೆಂಬುದನ್ನು ಅರಿಯಲು ಸುಮಾರು 150 ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ನ್ಯೂಜರ್ಸಿಯಲ್ಲಿ 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಕಾಲೇಜು ಫುಟ್‌ಬಾಲ್‌ನ ಆರಂಭವೆಂದು ಎಣಿಸಲಾಗುತ್ತದೆ. ಅಂದಿನ ಆಟ ವಿದ್ಯಾರ್ಥಿಗಳದೇ ಆಗಿತ್ತು. ನಾಯಕನನ್ನು ಅವರೇ ಆರಿಸುತ್ತಿದ್ದರು, ಖರ್ಚನ್ನು ಅವರೇ ಹೊಂದಿಸುತ್ತಿದ್ದರು, ತರಬೇತಿ ಬೇಕಾದರೆ ಹಿಂದಿನ ವರ್ಷಗಳ ಆಟಗಾರರು ಬಂದು ಸಂಬಳವಿಲ್ಲದೆ ಕಲಿಸಿ ಹೋಗುತ್ತಿದ್ದರು. ಈ ಆಟದ ನಿಯಮಗಳಿಗೆ ರೂಪ ಕೊಟ್ಟ ಯೇಲ್‌ನ ವಾಲ್ಟರ್ ಕ್ಯಾಂಪ್ ಸಹ ಹಗಲಿನಲ್ಲಿ ಗಡಿಯಾರ ತಯಾರಿಸುವ ಕಂಪನಿಯೊಂದರಲ್ಲಿ ದುಡಿಯುತ್ತ, ತಂಡಕ್ಕೆ ಸಲಹೆಗಾರನಾಗಿ ಮತ್ತು ಕ್ರೀಡಾನಿಧಿಯ ಖಜಾಂಚಿಯಾಗಿ ಕೆಲಸ ಮಾಡಿದವರು. ಆದರೆ ಅವರ ಕೈಯಲ್ಲಿದ್ದ ಮೀಸಲು ನಿಧಿ ಸುಮಾರು 1 ಲಕ್ಷ ಡಾಲರ್‌ಗಳಿಗೆ ಬೆಳೆದಿದ್ದು, ವಿಶ್ವವಿದ್ಯಾಲಯದ ಅಧ್ಯಾಪಕರ ಲೆಕ್ಕತಪಾಸಣೆಗೆ ಒಳಪಡದೆ ಉಳಿದಿತ್ತೆಂಬುದು 1905ರಲ್ಲಿ ಪತ್ರಕರ್ತರ ಬರಹಗಳಿಂದ ಹೊರಬಿತ್ತು. ಅಲ್ಲಿಯವರೆಗೆ ಹವ್ಯಾಸಿಗಳ ಆಟವೆಂದು ಹೇಳಿಕೊಂಡದ್ದರ ಬುಡದಲ್ಲಿ, ವಿದ್ಯಾಸಂಸ್ಥೆಯ ಹೆಸರಿನಲ್ಲಿ ಕೂಡಿದರೂ ಅದರ ಪುಸ್ತಕಕ್ಕೆ ಸೇರದ ಹಣವೊಂದಿತ್ತು. ಮುಂದೆ ಬಂದ ವ್ಯವಸ್ಥೆಯ ಬೀಜ ಇದೇ.

ಅದೇ 1905ರಲ್ಲಿ, ಯೇಲ್ ವಿರುದ್ಧ ಸತತ ಸೋಲಿನಿಂದ ಬೇಸತ್ತಿದ್ದ ಹಾರ್ವರ್ಡ್, ತನ್ನ ಹಳೆಯ ಆಟಗಾರ ಬಿಲ್ ರೀಡ್ ಎಂಬ 26 ವರ್ಷದ ತರುಣನನ್ನು 7,000 ಡಾಲರ್ ವಾರ್ಷಿಕ ಸಂಬಳಕ್ಕೆ ಕರೆತಂದಿತು. ಈ ಮೊತ್ತದ ಒಂದು ಭಾಗವನ್ನು ವಿಶ್ವವಿದ್ಯಾಲಯದ ಕ್ರೀಡಾ ಸಂಘ ಕೊಟ್ಟರೆ ಉಳಿದುದನ್ನು ಹಳೆಯ ವಿದ್ಯಾರ್ಥಿಗಳು ತುಂಬಿಕೊಟ್ಟರು. ಹಾರ್ವರ್ಡ್‌ನ ಯಾವ ಪ್ರಾಧ್ಯಾಪಕನಿಗೂ ಅಷ್ಟು ಸಂಬಳವಿರಲಿಲ್ಲ. 1869ರಿಂದ ವಿಶ್ವವಿದ್ಯಾಲಯವನ್ನು ಮುನ್ನಡೆಸುತ್ತಿದ್ದ, ಭಾರತದ ಕುಲಪತಿಗೆ ಸಮಾನವಾದ ಅಧ್ಯಕ್ಷ ಪದವಿಯಲ್ಲಿದ್ದ ಚಾರ್ಲ್ಸ್ ಎಲಿಯಟ್ ಅವರ ಸಂಬಳಕ್ಕೇ ಅದು ಸಮೀಪಿಸಿತ್ತು. ಎಲಿಯಟ್ ಈ ಆಟದ ಕಟು ವಿರೋಧಿ. ಹಾಗಿದ್ದೂ ತಮ್ಮ ಅಂಗಳದಲ್ಲಿಯೇ ನಡೆದ ಈ ನೇಮಕವನ್ನು ಅವರಿಂದ ತಡೆಯಲಾಗಲಿಲ್ಲ, ಏಕೆಂದರೆ ಹಣ ಅವರ ಆಯವ್ಯಯದಿಂದ ಹೊರಡುತ್ತಿರಲಿಲ್ಲ. ರೀಡ್ ಅವರ ಎರಡು ವರ್ಷಗಳ ಅವಧಿಯಲ್ಲಿ ಹಾರ್ವರ್ಡ್ ಯೇಲನ್ನು ಒಮ್ಮೆಯೂ ಸೋಲಿಸಲಿಲ್ಲವೆಂಬುದು ಬೇರೆ ಮಾತು.

ಇದಕ್ಕೆ ಪ್ರತಿಯಾದ ಇನ್ನೊಂದು ದಾರಿ ಆಗಲೇ ಷಿಕಾಗೋದಲ್ಲಿ ತೆರೆದಿತ್ತು. ಜಾನ್ ಡಿ. ರಾಕ್‌ಫೆಲರ್ ಅವರ ಹಣದಿಂದ ಸ್ಥಾಪನೆಯಾದ ಷಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ 1892ರಲ್ಲಿ ಅಮೋಸ್ ಅಲೋಂಜೊ ಸ್ಟ್ಯಾಗ್ ಅವರನ್ನು 2,500 ಡಾಲರ್ ಸಂಬಳದ ಮೇಲೆ, ಸಹಪ್ರಾಧ್ಯಾಪಕನ ದರ್ಜೆ ಮತ್ತು ಸೇವಾಭದ್ರತೆಯೊಂದಿಗೆ ನೇಮಿಸಿದರು. ತರಬೇತುದಾರನು ಅಧ್ಯಾಪಕ ವರ್ಗದ ಒಬ್ಬನಾಗಿ ವಿದ್ಯಾಸಂಸ್ಥೆಯ ಶಿಸ್ತಿಗೆ ಒಳಪಟ್ಟಿರಬೇಕೆಂಬ ತತ್ತ್ವ ಇದರ ಹಿಂದಿತ್ತು, ಮತ್ತು ಸ್ಟ್ಯಾಗ್ 1932ರವರೆಗೆ, ಅಂದರೆ 40 ವರ್ಷ, ಅಲ್ಲಿಯೇ ಉಳಿದರು. ಅಧ್ಯಾಪಕ ಸಂಬಳದ ತರಬೇತುದಾರ ಮತ್ತು ಹಳೆಯ ವಿದ್ಯಾರ್ಥಿಗಳ ಹಣದ ತರಬೇತುದಾರ ಎಂಬ ಈ ಎರಡು ಮಾದರಿಗಳಲ್ಲಿ ಗೆದ್ದದ್ದು ಎರಡನೆಯದು. ಷಿಕಾಗೋ 1939ರಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ ದೊಡ್ಡ ಮಟ್ಟದ ಫುಟ್‌ಬಾಲನ್ನೇ ಕೈಬಿಟ್ಟಿತು. ಬರಿದಾದ ಸ್ಟ್ಯಾಗ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಯಿತು.

ಆಟದ ಹಿಂಸೆಯಿಂದ ಸಾವುಗಳು ಹೆಚ್ಚಿದಾಗ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1905ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್‌ನ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು; ಕ್ಯಾಂಪ್ ಮತ್ತು ರೀಡ್ ಇಬ್ಬರೂ ಅಲ್ಲಿದ್ದರು. ಆ ಬಿಕ್ಕಟ್ಟಿನಿಂದ ಹುಟ್ಟಿದ ಸಂಘಟನೆ 1910ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, ಎಂಬ ಹೆಸರು ಪಡೆಯಿತು. ಆಟದ ನಿಯಮ ಸುಧಾರಿಸಿತಾದರೂ ಹಣದ ಪ್ರಶ್ನೆ ಹಾಗೆಯೇ ಉಳಿಯಿತು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಹೋವರ್ಡ್ ಸ್ಯಾವೇಜ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕಾಲೇಜುಗಳನ್ನು ಸುತ್ತಿ ಸಿದ್ಧಪಡಿಸಿದ ವರದಿಯು ಹೆಚ್ಚು ಸಂಬಳದ ತರಬೇತುದಾರ ಮತ್ತು ಹಣ ಸುರಿಯುವ ಹಳೆಯ ವಿದ್ಯಾರ್ಥಿ ಇವರಿಬ್ಬರನ್ನೂ ಕಾಲೇಜು ಕ್ರೀಡೆಯ ವ್ಯಾಪಾರೀಕರಣದ ಕಾರಣಗಳಲ್ಲಿ ಗುರುತಿಸಿತ್ತು. ಅದು ಪ್ರಕಟವಾದದ್ದು 1929ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್ ಷೇರುಪೇಟೆ ಕುಸಿದ ವಾರವೇ. ದೇಶದ ಗಮನ ಬೇರೆಡೆಗೆ ಹೊರಳಿ, ಆ ಶ್ರಮದ ಬರಹ ಗ್ರಂಥಾಲಯಗಳ ಕಪಾಟು ಸೇರಿತು.

ಆರ್ಥಿಕ ಕುಸಿತದ ಆ ವರ್ಷಗಳಲ್ಲಿಯೇ ದಕ್ಷಿಣದ ರಾಜ್ಯಗಳಲ್ಲಿ ದೇಣಿಗೆ ಸಂಘಟಿತ ರೂಪ ಪಡೆಯಿತು. ದಕ್ಷಿಣ ಕೆರೊಲೈನಾದ ಕ್ಲೆಮ್ಸನ್ ಕಾಲೇಜಿನ ಹಳೆಯ ವಿದ್ಯಾರ್ಥಿ ಡಾ. ರೂಪರ್ಟ್ ಫೈಕ್, ತಂಡದ ತರಬೇತುದಾರ ಜೆಸ್ ನೀಲಿ ಅವರ ಅಗತ್ಯಗಳನ್ನು ಮನಗಂಡು, ಪ್ರತಿಯೊಬ್ಬ ಸದಸ್ಯನೂ ವರ್ಷಕ್ಕೆ 10 ಡಾಲರ್ ಕೊಡಬೇಕೆಂಬ ಕರಾರಿನ ಮೇಲೆ 1934ರಲ್ಲಿ ಐಪ್‌ಟೇ ಎಂಬ ಸಂಘವನ್ನು ಕಟ್ಟಿದರು. 'ನಾನು ವರ್ಷಕ್ಕೆ ಹತ್ತು ಕೊಡುತ್ತೇನೆ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಆ ಹೆಸರು. ನಗದಿಲ್ಲದವರು ಗೆಣಸನ್ನೋ ಹಾಲನ್ನೋ ತಂದುಕೊಟ್ಟು ಸದಸ್ಯರಾದರೆಂದು ಸಂಘದಲ್ಲಿ ಇಂದಿಗೂ ನೆನೆಯುತ್ತಾರೆ. ಅಲ್ಲಿ ಸಿರಿವಂತನೊಬ್ಬನ ದರ್ಬಾರಿರಲಿಲ್ಲ; ಬಡ ಜಿಲ್ಲೆಗಳ ಜನ ತಮ್ಮ ಕಾಲೇಜಿನ ಮೇಲಿನ ಅಭಿಮಾನವನ್ನು ಹತ್ತು ಡಾಲರ್‌ಗಳಲ್ಲಿ ಅಳೆದು ಕೊಟ್ಟಿದ್ದರು. ಇಡೀ ಇತಿಹಾಸದಲ್ಲಿ ಮನಸ್ಸಿಗೆ ಹತ್ತಿರವಾಗುವ ಭಾಗವಿದು, ಮತ್ತು ಮುಂದಿನ ದಶಕಗಳಲ್ಲಿ ದೇಶದಾದ್ಯಂತ ತಲೆಯೆತ್ತಿದ ಇಂಥ ಸಂಘಗಳಲ್ಲಿ ಮೊದಲು ಕಳೆದುಹೋದದ್ದೂ ಈ ಸಮಾನತೆಯೇ.

ತಂಡಕ್ಕೆ ಹಣ ಕೊಟ್ಟು ಬೆಂಬಲಿಸುವವನನ್ನು ಅಮೆರಿಕನ್ನರು ಬೂಸ್ಟರ್ ಎನ್ನುತ್ತಾರೆ. ಬೂಸ್ಟರ್‌ಗಳ ಸಂಘವು ಕಾನೂನಿನ ದೃಷ್ಟಿಯಲ್ಲಿ ವಿಶ್ವವಿದ್ಯಾಲಯದಿಂದ ಬೇರೆಯಾದ, ಲಾಭರಹಿತ ಪ್ರತಿಷ್ಠಾನವಾಗಿರುತ್ತದೆ. ತರಬೇತುದಾರನ ಒಪ್ಪಂದದಲ್ಲಿ ರಾಜ್ಯ ಕೊಡುವ ಮೂಲ ಸಂಬಳ ಸಾಧಾರಣವಾಗಿದ್ದು, ಅದರ ಮೇಲೆ ರೇಡಿಯೊ ಮತ್ತು ದೂರದರ್ಶನ ಕಾರ್ಯಕ್ರಮದ ಸಂಭಾವನೆ, ಶೂ ಕಂಪನಿಯ ಹಣ, ಮನೆ, ಕಾರು, ಕ್ಲಬ್ ಸದಸ್ಯತ್ವ, ಮತ್ತು ಪ್ರತಿಷ್ಠಾನವು ನೇರವಾಗಿ ಕೊಡುವ 'ಪೂರಕ' ಮೊತ್ತ ಇವೆಲ್ಲ ಪದರಪದರವಾಗಿ ಸೇರುತ್ತವೆ. ಈ ರಚನೆಯಿಂದ ಎರಡು ಅನುಕೂಲಗಳಿದ್ದವು: ಶಾಸಕರು ಪ್ರಶ್ನಿಸಿದಾಗ ತೆರಿಗೆದಾರನ ಹಣ ಮುಟ್ಟಿಲ್ಲವೆಂದು ಹೇಳಬಹುದಾಗಿತ್ತು, ಮತ್ತು ಪ್ರತಿಷ್ಠಾನದ ದಾಖಲೆಗಳು ಅನೇಕ ರಾಜ್ಯಗಳ ಮಾಹಿತಿ ಹಕ್ಕಿನ ಕಾನೂನಿಗೆ ಸುಲಭವಾಗಿ ನಿಲುಕುತ್ತಿರಲಿಲ್ಲ.

ಈ ರಚನೆಯ ಪೂರ್ಣ ಶಕ್ತಿ ದೇಶಕ್ಕೆಲ್ಲ ಕಾಣಿಸಿದ್ದು 1982ರ ಜನವರಿಯಲ್ಲಿ, ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ. 1970ರ ದಶಕದ ತೈಲ ಬೆಲೆ ಏರಿಕೆಯಿಂದ ಟೆಕ್ಸಸ್‌ನಲ್ಲಿ ಹೊಸ ಸಿರಿವಂತರ ಒಂದು ವರ್ಗವೇ ಬೆಳೆದಿದ್ದು, ಆ ವರ್ಗದ ಎಚ್. ಆರ್. ಬ್ರೈಟ್ ಎಂಬ ತೈಲೋದ್ಯಮಿ ತಾವು ಓದಿದ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದರು. ಅಧಿಕಾರದಲ್ಲಿದ್ದ ತರಬೇತುದಾರ ಟಾಮ್ ವಿಲ್ಸನ್ ಅವರನ್ನು ತೆಗೆದುಹಾಕಲು ನಿರ್ಧರಿಸಿದ ಮಂಡಳಿ, ಮೊದಲು ಮಿಷಿಗನ್ ವಿಶ್ವವಿದ್ಯಾಲಯದ ಬೋ ಷೆಂಬೆಕ್ಲರ್ ಅವರಿಗೆ 10 ವರ್ಷಗಳಿಗೆ 20 ಲಕ್ಷ ಡಾಲರ್‌ಗೂ ಮಿಕ್ಕಿದ ಆಹ್ವಾನ ಕಳುಹಿಸಿತು. ಷೆಂಬೆಕ್ಲರ್ ಮಿಷಿಗನ್‌ನಲ್ಲೇ ಉಳಿದರು. ಕೃತಜ್ಞತೆಯಾಗಿ ಡಾಮಿನೋಸ್ ಪಿಜ್ಜಾ ಕಂಪನಿಯ ಮಾಲೀಕ ಟಾಮ್ ಮೊನಾಹನ್, ಷೆಂಬೆಕ್ಲರ್ ಅವರಿಗೆ ಒಹಾಯೊದ ಕೊಲಂಬಸ್ ನಗರದಲ್ಲಿ ಒಂದು ಪಿಜ್ಜಾ ಅಂಗಡಿಯನ್ನೇ ಕೊಡಿಸಿದರು. ದೇಣಿಗೆಯ ಒಂದು ಆಹ್ವಾನವನ್ನು ಇನ್ನೊಂದು ಸಿರಿವಂತ ಕಾಣಿಕೆ ಎದುರಿಸಿತ್ತು.

ಬಳಿಕ ಮಂಡಳಿ ಪಿಟ್ಸ್‌ಬರ್ಗ್‌ನ ಜಾಕಿ ಶೆರಿಲ್ ಅವರನ್ನು 6 ವರ್ಷಗಳಿಗೆ 17 ಲಕ್ಷ ಡಾಲರ್‌ಗೂ ಮಿಕ್ಕಿದ, ಅಂದರೆ ವರ್ಷಕ್ಕೆ ಸುಮಾರು 2 ಲಕ್ಷ 87 ಸಾವಿರ ಡಾಲರ್ ಒಪ್ಪಂದದ ಮೇಲೆ, ಕ್ರೀಡಾ ನಿರ್ದೇಶಕನ ಹುದ್ದೆಯನ್ನೂ ಸೇರಿಸಿ ಕರೆತಂದಿತು. ಅಮೆರಿಕದ ಯಾವ ವಿಶ್ವವಿದ್ಯಾಲಯದ ತರಬೇತುದಾರನೂ ಅದುವರೆಗೆ ಪಡೆಯದ ಸಂಬಳವದು, ಮತ್ತು ಅದರ ಬಹುಭಾಗ ಹೊರಗಿನ ಹಣದಿಂದ ಬರತಕ್ಕದ್ದಾಗಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷ ಫ್ರಾಂಕ್ ವ್ಯಾಂಡಿವರ್ ಸೈನಿಕ ಇತಿಹಾಸದ ಗೌರವಾನ್ವಿತ ವಿದ್ವಾಂಸರು. ಮಾತುಕತೆಗಳು ಅವರ ತಲೆಯ ಮೇಲಿಂದಲೇ ನಡೆದುಹೋದವು. ಒಂದು ವಿದ್ಯಾಸಂಸ್ಥೆಯ ಅತಿ ದುಬಾರಿ ನೇಮಕವನ್ನು ಅದರ ಮುಖ್ಯಸ್ಥನೇ ಮಾಡದಿದ್ದ ಆ ಸಂಗತಿ ಸಂಬಳದ ಅಂಕಿಗಿಂತ ಹೆಚ್ಚು ಆಘಾತಕಾರಿಯಾದದ್ದೆಂದೇ ಭಾವಿಸಬೇಕು. ಶೆರಿಲ್ ಮೂರು ಬಾರಿ ತಮ್ಮ ವಲಯದ ಪ್ರಶಸ್ತಿ ಗೆದ್ದುಕೊಟ್ಟರು. 1988ರಲ್ಲಿ ಎನ್‌ಸಿಎಎ ನಿಯಮೋಲ್ಲಂಘನೆಗಾಗಿ ತಂಡಕ್ಕೆ ದಂಡನೆ ವಿಧಿಸಿದ ಬಳಿಕ ಆ ವರ್ಷದ ಕೊನೆಯಲ್ಲಿ ಹುದ್ದೆ ಬಿಟ್ಟರು.

ಅದೇ ರಾಜ್ಯದ ಡಲ್ಲಾಸ್‌ನಲ್ಲಿ ಇನ್ನೂ ಕೆಟ್ಟದ್ದು ನಡೆದಿತ್ತು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಬೂಸ್ಟರ್‌ಗಳ ಗುಪ್ತ ನಿಧಿಯಿಂದ 13 ಆಟಗಾರರಿಗೆ 61,000 ಡಾಲರ್ ಸಂದಾಯವಾಗಿತ್ತೆಂದು ಕಂಡುಬಂದದ್ದರಿಂದ ಎನ್‌ಸಿಎಎ 1987ರ ಫೆಬ್ರವರಿ 25ರಂದು ಆ ವರ್ಷದ ಆಟವನ್ನೇ ರದ್ದುಗೊಳಿಸಿತು. ವಿಶ್ವವಿದ್ಯಾಲಯದ ಮಂಡಳಿಯ ಅಧ್ಯಕ್ಷರಾಗಿದ್ದು ಆಗಷ್ಟೇ ರಾಜ್ಯದ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್, ಆ ಪಾವತಿಗಳು ಮುಂದುವರಿಯಲೆಂಬ ನಿರ್ಧಾರದಲ್ಲಿ ತಾವೂ ಇದ್ದುದಾಗಿ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಅದಕ್ಕೆ ಮೊದಲೇ ನಿರ್ಗಮಿಸಿದ್ದ ತರಬೇತುದಾರ ಬಾಬಿ ಕಾಲಿನ್ಸ್‌ಗೆ ಒಪ್ಪಂದದ ಬಾಕಿಯೆಂದು 5 ಲಕ್ಷ ಡಾಲರ್‌ಗೂ ಹೆಚ್ಚು ಸಂದಿತ್ತು. ಆಟಗಾರನಿಗೆ ಕೊಟ್ಟ ಕೆಲವು ಸಾವಿರ ಅಪರಾಧವಾಗಿ, ತರಬೇತುದಾರನಿಗೆ ಕೊಟ್ಟ ಲಕ್ಷಗಳು ನ್ಯಾಯಬದ್ಧವಾಗಿದ್ದ ಕಾಲವದು. ಬೂಸ್ಟರ್‌ನ ಹಣ ಕಾನೂನಿನ ಒಳಗೆ ಹರಿಯಲು ಇದ್ದ ದೊಡ್ಡ ಕಾಲುವೆ ತರಬೇತುದಾರನ ಸಂಬಳ ಮತ್ತು ಕ್ರೀಡಾಂಗಣದ ಕಟ್ಟಡಗಳೇ ಆಗಿದ್ದವು.

ಆ ಕಾಲುವೆಗೆ ನೀರುಣಿಸಿದ್ದು ಅಮೆರಿಕದ ತೆರಿಗೆ ಕಾನೂನು. ವಿದ್ಯಾಸಂಸ್ಥೆಗೆ ಕೊಟ್ಟ ದಾನವನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳುವ ಅವಕಾಶ ಅಲ್ಲಿ 1917ರಿಂದಲೂ ಇದೆ. ಕ್ರೀಡಾ ಪ್ರತಿಷ್ಠಾನಗಳು ಒಳ್ಳೆಯ ಆಸನಗಳ ಟಿಕೆಟ್ ಕೊಳ್ಳುವ ಹಕ್ಕನ್ನು ದೇಣಿಗೆಗೆ ಕಟ್ಟಿಹಾಕಿದ್ದರಿಂದ, ಅದು ದಾನವಲ್ಲ, ಖರೀದಿ ಎಂದು ತೆರಿಗೆ ಇಲಾಖೆ 1984ರಲ್ಲಿ ತೀರ್ಪಿತ್ತಿತು. ಪ್ರತಿಭಟನೆ ತಕ್ಷಣವೇ ಎದ್ದಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1986ರ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯ ಮತ್ತು ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯ ಎಂಬ ಎರಡು ಸಂಸ್ಥೆಗಳಿಗೆ ಮಾತ್ರ ಹೊಂದುವಂತೆ ಹೆಸರೆತ್ತದೆ ಲಕ್ಷಣಗಳನ್ನು ವರ್ಣಿಸಿ ವಿನಾಯಿತಿ ಬರೆಯಿತು. 1988ರಲ್ಲಿ ಆ ವಿನಾಯಿತಿಯನ್ನು ಎಲ್ಲ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿ, ಆಸನದ ಹಕ್ಕಿಗಾಗಿ ಕೊಟ್ಟ ಹಣದ ಶೇಕಡ 80 ಭಾಗ ದಾನವೆಂದೇ ಎಣಿಕೆಯಾಗತಕ್ಕದ್ದೆಂದು ವಿಧಿಸಿತು. ಇದರ ಅರ್ಥ ಸರಳವಾಗಿದೆ: ಒಳ್ಳೆಯ ಆಸನಕ್ಕಾಗಿ 1,000 ಡಾಲರ್ ಕೊಟ್ಟ ಸಿರಿವಂತನೊಬ್ಬ 1990ರ ದಶಕದ ಗರಿಷ್ಠ ತೆರಿಗೆ ದರದಲ್ಲಿ ಸುಮಾರು 300 ಡಾಲರ್ ತೆರಿಗೆಯನ್ನು ಉಳಿಸಿಕೊಳ್ಳುತ್ತಿದ್ದ. ಸಾರ್ವಜನಿಕರ ಒಂದು ಡಾಲರ್ ಕೂಡ ತರಬೇತುದಾರನ ಸಂಬಳಕ್ಕೆ ಹೋಗಿಲ್ಲವೆಂಬ ಮಾತು ವಿಶ್ವವಿದ್ಯಾಲಯದ ಪುಸ್ತಕದಲ್ಲಿ ನಿಜವಾಗಿದ್ದರೂ ದೇಶದ ಖಜಾನೆಯ ಪುಸ್ತಕದಲ್ಲಿ ನಿಜವಾಗಿರಲಿಲ್ಲ. ಈ ವಿನಾಯಿತಿ ರದ್ದಾದದ್ದು 2017ರ ಡಿಸೆಂಬರ್‌ನ ತೆರಿಗೆ ಕಾಯ್ದೆಯಿಂದ, ಅಂದರೆ ಸುಮಾರು 30 ವರ್ಷಗಳ ಬಳಿಕ. ಅದೇ ಕಾಯ್ದೆ ಲಾಭರಹಿತ ಸಂಸ್ಥೆಗಳು 10 ಲಕ್ಷ ಡಾಲರ್ ಮೀರಿ ಕೊಡುವ ಸಂಬಳದ ಮೇಲೆ ಶೇಕಡ 21 ತೆರಿಗೆಯನ್ನೂ ಹೇರಿತು.

ದೇಣಿಗೆಯ ಗೌರವಯುತವಾದ ರೂಪವೊಂದು ಇದೇ ಅವಧಿಯಲ್ಲಿ ಹಳೆಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೆಳೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳನ್ನು ಬಲ್ಲ ಓದುಗರಿಗೆ ಇದರ ತತ್ತ್ವ ಪರಿಚಿತವೇ: ದಾನಿ ಕೊಟ್ಟ ಮೂಲಧನವನ್ನು ಮುಟ್ಟದೆ ಹೂಡಿ, ಅದರ ವಾರ್ಷಿಕ ಆದಾಯದಿಂದ ಕೆಲಸ ನಡೆಸುವುದು, ದಾನಿಯ ಹೆಸರನ್ನು ಆ ಕೆಲಸಕ್ಕೆ ಶಾಶ್ವತವಾಗಿ ಇಡುವುದು. ಯೇಲ್‌ನ ಮುಖ್ಯ ತರಬೇತುದಾರನ ಹುದ್ದೆಗೆ 1954ರ ಪದವೀಧರ ಜೋಯಲ್ ಸ್ಮಿಲೋ ಅವರ ಹೆಸರಿದೆ, ಹಾರ್ವರ್ಡ್‌ನದಕ್ಕೆ ಥಾಮಸ್ ಸ್ಟೀವನ್‌ಸನ್ ಕುಟುಂಬದ ಹೆಸರು, ಸ್ಟ್ಯಾನ್‌ಫರ್ಡ್‌ನದಕ್ಕೆ ಫುಟ್‌ಬಾಲ್ ವಿದ್ಯಾರ್ಥಿವೇತನದಿಂದಲೇ ಅಲ್ಲಿ ಓದಿದ ಬ್ರಾಡ್‌ಫರ್ಡ್ ಫ್ರೀಮನ್ ಅವರ ಹೆಸರು. ಸಂಸ್ಕೃತಕ್ಕೋ ಭೌತಶಾಸ್ತ್ರಕ್ಕೋ ಪೀಠವಿದ್ದಂತೆ ಫುಟ್‌ಬಾಲ್‌ಗೂ ಪೀಠವೊಂದು ಏರ್ಪಟ್ಟದ್ದನ್ನು ಕಂಡು ಮುಖ ಸಿಂಡರಿಸುವವರುಂಟು. ಆದರೂ ಈ ಏರ್ಪಾಡಿನ ಒಂದು ಗುಣವನ್ನು ಗುರುತಿಸಲೇಬೇಕು. ದತ್ತಿಯ ಹಣ ಹುದ್ದೆಗೆ ಸೇರಿದ್ದು, ವ್ಯಕ್ತಿಗಲ್ಲ. ಒಮ್ಮೆ ಕೊಟ್ಟ ಬಳಿಕ ದಾನಿ ಅದನ್ನು ಹಿಂದಕ್ಕೆ ಕೇಳಲಾರ. ಸೋತ ವರ್ಷ ಕೊಡದೆ, ಗೆದ್ದ ವರ್ಷ ಕೊಡುವ ಸ್ವಾತಂತ್ರ್ಯ ಅವನಿಗಿಲ್ಲ. ಇತರ ಕಡೆಗಳಲ್ಲಿ ದಾನಿಯ ಬಲವೆಲ್ಲ ಇದ್ದದ್ದು ಆ ಸ್ವಾತಂತ್ರ್ಯದಲ್ಲಿಯೇ.

ಒಬ್ಬನೇ ದಾನಿಯ ಬಲ ಎಷ್ಟರಮಟ್ಟಿಗೆ ಹೋಗಬಹುದೆಂಬುದಕ್ಕೆ ಓಕ್ಲಹೋಮ ರಾಜ್ಯ ವಿಶ್ವವಿದ್ಯಾಲಯವೇ ಸಾಕ್ಷಿ. ಅಲ್ಲಿ ಭೂವಿಜ್ಞಾನ ಓದಿ 1951ರಲ್ಲಿ ಪದವಿ ಪಡೆದು ತೈಲೋದ್ಯಮಿಯಾದ ಬೂನ್ ಪಿಕೆನ್ಸ್ 2005ರ ಕೊನೆಯಲ್ಲಿ ಕ್ರೀಡಾ ವಿಭಾಗಕ್ಕೆ 16 ಕೋಟಿ 50 ಲಕ್ಷ ಡಾಲರ್ ಕೊಟ್ಟರು. ಕಾಲೇಜು ಕ್ರೀಡೆಗೆ ಅಷ್ಟು ದೊಡ್ಡ ಕೊಡುಗೆ ಅದುವರೆಗೆ ಬಂದಿರಲಿಲ್ಲ. ಕೊಟ್ಟ ಹಣ ತಕ್ಷಣವೇ ಪಿಕೆನ್ಸ್ ಅವರದೇ ಹೂಡಿಕೆ ನಿಧಿಗೆ ಮರಳಿ, ಅಲ್ಲಿ ಮೊದಲು ಬೆಳೆದು, 2008ರ ಆರ್ಥಿಕ ಕುಸಿತದಲ್ಲಿ ಭಾರಿ ನಷ್ಟ ಕಂಡಿತು. ಅದೇ ವಿಶ್ವವಿದ್ಯಾಲಯ 2007ರಲ್ಲಿ 65ರಿಂದ 85ರ ನಡುವಿನ ವಯಸ್ಸಿನ 27 ಬೂಸ್ಟರ್‌ಗಳ ಮೇಲೆ ತಲಾ 1 ಕೋಟಿ ಡಾಲರ್ ಜೀವವಿಮೆ ಮಾಡಿಸಿ, ಅವರು ತೀರಿಕೊಂಡಾಗ ಬರುವ ಹಣದಿಂದ ಕ್ರೀಡೆ ನಡೆಸುವ ಯೋಜನೆ ಹಾಕಿತು. ಸುಮಾರು 3 ಕೋಟಿ 30 ಲಕ್ಷ ಡಾಲರ್ ಕಂತು ಕಟ್ಟಿದ ಬಳಿಕವೂ ಯೋಜನೆ ಫಲಿಸದೆ ಕೈಬಿಡಬೇಕಾಯಿತು. ಅಭಿಮಾನಿಗಳ ಮರಣವೂ ಆಯವ್ಯಯದ ಒಂದು ಬಾಬ್ತಾದ ಈ ಘಟನೆ ಕ್ರೀಡಾ ಹಣದ ಹಸಿವು ಎಲ್ಲಿಗೆ ಮುಟ್ಟಿತ್ತೆಂಬುದನ್ನು ನೋವಿನಿಂದ ತೋರಿಸುತ್ತದೆ.

ಸಂಬಳಕ್ಕೆ ಮಿತಿ ಹಾಕುವ ಒಂದೇ ಒಂದು ಗಂಭೀರ ಪ್ರಯತ್ನ ನ್ಯಾಯಾಲಯದಲ್ಲಿ ಮುರಿದುಬಿತ್ತು. ಎನ್‌ಸಿಎಎ 1992ರಿಂದ ಕೆಲವು ಕಿರಿಯ ತರಬೇತುದಾರರ ಸಂಬಳವನ್ನು ವರ್ಷಕ್ಕೆ 16,000 ಡಾಲರ್‌ಗೆ ಸೀಮಿತಗೊಳಿಸಿತ್ತು. ಬ್ಯಾಸ್ಕೆಟ್‌ಬಾಲ್ ಸಹಾಯಕರು ಹೂಡಿದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಈ ಮಿತಿಯು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಘೋಷಿಸಿತು, ಸಂಘವು 5 ಕೋಟಿ 45 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಬಡ ಸಹಾಯಕರಿಗೆ ದೊರೆತ ಈ ನ್ಯಾಯ ಸರಿಯಾದದ್ದೇ. ಆದರೆ ಅದರ ನೆರಳಿನಲ್ಲಿ ಮುಖ್ಯ ತರಬೇತುದಾರರ ಸಂಬಳವನ್ನು ಒಟ್ಟಾಗಿ ಹಿಡಿದಿಡುವ ದಾರಿಯೂ ಮುಚ್ಚಿತು. ಆಟಗಾರನಿಗೆ ಸಂಬಳವಿಲ್ಲ, ತರಬೇತುದಾರನಿಗೆ ಮಿತಿಯಿಲ್ಲ ಎಂಬ ಸ್ಥಿತಿಯಲ್ಲಿ, ಪ್ರಸಾರದ ಹಕ್ಕುಗಳಿಂದ ಉಕ್ಕಿದ ಹಣವೂ ದಾನಿಗಳ ಹಣವೂ ಒಂದೇ ಕಡೆ ಸಂದವು. ಅಲಬಾಮ ವಿಶ್ವವಿದ್ಯಾಲಯ 2007ರ ಜನವರಿಯಲ್ಲಿ ನಿಕ್ ಸೇಬನ್ ಅವರಿಗೆ 8 ವರ್ಷಕ್ಕೆ 3 ಕೋಟಿ 20 ಲಕ್ಷ ಡಾಲರ್ ಕೊಡಲೊಪ್ಪಿತು. 2013ರಲ್ಲಿ ಅಲ್ಲಿನ ದಾನಿಗಳ ಪ್ರತಿಷ್ಠಾನವು ಅವರ ಮನೆಯನ್ನು 31 ಲಕ್ಷ ಡಾಲರ್‌ಗೆ ಕೊಂಡು, ಅವರನ್ನು ಅದರಲ್ಲೇ ವಾಸವಾಗಿಟ್ಟಿತು. ಟೆಕ್ಸಸ್ ವಿಶ್ವವಿದ್ಯಾಲಯ 2009ರ ಡಿಸೆಂಬರ್‌ನಲ್ಲಿ ಮ್ಯಾಕ್ ಬ್ರೌನ್ ಅವರ ಸಂಬಳವನ್ನು 50 ಲಕ್ಷ ಡಾಲರ್‌ಗೆ ಏರಿಸಿದಾಗ ಅಧ್ಯಾಪಕರ ಪರಿಷತ್ತು ಅದು ಅನುಚಿತವೆಂದು ನಿರ್ಣಯಿಸಿತು. ಆ ನಿರ್ಣಯದಿಂದ ಏನೂ ಬದಲಾಗಲಿಲ್ಲ.

ಆಡಳಿತ ಮಂಡಳಿಯವರು ತರಬೇತುದಾರನನ್ನು ತರಲು ಮಾತ್ರವಲ್ಲದೆ ಕಳುಹಿಸಲೂ ಕೈಹಾಕಿದ್ದು ಅಲಬಾಮ ರಾಜ್ಯದ ಆಬರ್ನ್‌ನಲ್ಲಿ ಬಯಲಾಯಿತು. 2003ರ ನವೆಂಬರ್‌ನಲ್ಲಿ, ತಮ್ಮ ತರಬೇತುದಾರ ಟಾಮಿ ಟ್ಯೂಬರ್‌ವಿಲ್ ಇನ್ನೂ ಹುದ್ದೆಯಲ್ಲಿರುವಾಗ, ವರ್ಷದ ದೊಡ್ಡ ಪಂದ್ಯಕ್ಕೆ ಎರಡು ದಿನ ಮೊದಲು, ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ವಾಕರ್, ಕ್ರೀಡಾ ನಿರ್ದೇಶಕ ಮತ್ತು ಇಬ್ಬರು ಮಂಡಳಿ ಸದಸ್ಯರು ಗುಟ್ಟಾಗಿ ವಿಮಾನವೇರಿ ಲೂಯಿವಿಲ್ ತಂಡದ ಬಾಬಿ ಪೆಟ್ರಿನೊ ಅವರನ್ನು ಭೇಟಿಯಾದರು. ಸುದ್ದಿ ಹೊರಬಿದ್ದು ವಾಕರ್ ಕ್ಷಮೆ ಕೇಳಿದರು, 2004ರ ಆರಂಭದಲ್ಲಿ ರಾಜೀನಾಮೆ ಕೊಟ್ಟರು. ಮಂಡಳಿ ಸದಸ್ಯರ ಅತಿಯಾದ ಹಸ್ತಕ್ಷೇಪವನ್ನು ಪರಿಶೀಲಿಸುತ್ತಿದ್ದ ಮಾನ್ಯತಾ ಸಂಸ್ಥೆ, ಅಂದರೆ ಪದವಿಗಳ ಮೌಲ್ಯವನ್ನು ದೃಢೀಕರಿಸುವ ಸಂಸ್ಥೆ, 2003ರ ಡಿಸೆಂಬರ್‌ನಲ್ಲಿ ಆಬರ್ನ್ ಅನ್ನು ನಿಗಾವಣೆಯಲ್ಲಿರಿಸಿತು. ಓಡಿಸಬೇಕೆಂದಿದ್ದ ಟ್ಯೂಬರ್‌ವಿಲ್ ಮರುವರ್ಷ 13 ಪಂದ್ಯಗಳಲ್ಲಿ 13ನ್ನೂ ಗೆದ್ದರು.

ಕಳುಹಿಸುವ ವೆಚ್ಚಕ್ಕೆ ಬೈಔಟ್ ಎಂಬ ಹೆಸರಿದೆ. ಒಪ್ಪಂದದ ಅವಧಿ ಮುಗಿಯುವ ಮುನ್ನ ಸೋಲಿನ ಕಾರಣಕ್ಕೆ ತರಬೇತುದಾರನನ್ನು ತೆಗೆದರೆ ಉಳಿದ ವರ್ಷಗಳ ಸಂಬಳದ ಬಹುಭಾಗವನ್ನೋ ಪೂರ್ತಿಯನ್ನೋ ಕೊಡಬೇಕಾದ ಕರಾರು ಇದು. ಸಾಂಕ್ರಾಮಿಕದ ವರ್ಷವಾದ 2020ರ ಡಿಸೆಂಬರ್‌ನಲ್ಲಿ, ವಿಶ್ವವಿದ್ಯಾಲಯಗಳೆಲ್ಲ ಖರ್ಚು ಕಡಿತಗೊಳಿಸುತ್ತಿದ್ದಾಗ, ಆಬರ್ನ್ ಗಸ್ ಮಾಲ್ಜಾನ್ ಅವರನ್ನು 2 ಕೋಟಿ 14 ಲಕ್ಷ 50 ಸಾವಿರ ಡಾಲರ್ ಬೈಔಟ್‌ನೊಂದಿಗೆ ತೆಗೆಯಿತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2021ರ ನವೆಂಬರ್‌ನಲ್ಲಿ ಮೆಲ್ ಟಕರ್ ಅವರಿಗೆ 10 ವರ್ಷಕ್ಕೆ 9 ಕೋಟಿ 50 ಲಕ್ಷ ಡಾಲರ್ ಖಾತರಿಪಡಿಸಿದಾಗ ಹಣದ ಹೊಣೆ ಹೊತ್ತವರು ಗೃಹಸಾಲದ ಉದ್ಯಮಿ ಮ್ಯಾಟ್ ಇಷ್ಬಿಯಾ ಮತ್ತು ಸ್ಟೀವ್ ಸೇಂಟ್ ಆಂಡ್ರೆ ಎಂಬ ಇಬ್ಬರು ಹಳೆಯ ವಿದ್ಯಾರ್ಥಿಗಳು. ದಾನಿಗಳೊಂದಿಗಿನ ಕರಾರು ಪತ್ರಗಳನ್ನು ವಿಶ್ವವಿದ್ಯಾಲಯ ಗುಟ್ಟಾಗಿಡಲು ಬಯಸಿತು, ಡೆಟ್ರಾಯಿಟ್‌ನ ಪತ್ರಿಕೆಯೊಂದು ನ್ಯಾಯಾಲಯಕ್ಕೆ ಹೋದ ಮೇಲೆಯೇ ಅವು ಹೊರಬಂದವು. ಎರಡು ವರ್ಷ ತುಂಬುವ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ವಿಶ್ವವಿದ್ಯಾಲಯವು ನಡತೆಯ ಕಾರಣ ನೀಡಿ ಆ ಒಪ್ಪಂದವನ್ನು ರದ್ದುಗೊಳಿಸಿತು.

ಇವೆಲ್ಲವನ್ನೂ ಮೀರಿದ್ದು ಮತ್ತೆ ಟೆಕ್ಸಸ್ ಎ ಅಂಡ್ ಎಂ. ಜಿಂಬೊ ಫಿಷರ್ ಅವರನ್ನು ಅದು 2017ರ ಡಿಸೆಂಬರ್‌ನಲ್ಲಿ 10 ವರ್ಷಕ್ಕೆ 7 ಕೋಟಿ 50 ಲಕ್ಷ ಡಾಲರ್ ಖಾತರಿ ಕೊಟ್ಟು ತಂದಿತು. 2020ರಲ್ಲಿ ಒಂದೇ ಪಂದ್ಯ ಸೋತ ಸಂಭ್ರಮದಲ್ಲಿ, 2021ರಲ್ಲಿ ಒಪ್ಪಂದವನ್ನು 2031ರವರೆಗೆ ವಿಸ್ತರಿಸಿ ಸಂಬಳವನ್ನೂ ಹೆಚ್ಚಿಸಿತು. 2023ರ ನವೆಂಬರ್ 12ರಂದು ಕೆಲಸದಿಂದ ತೆಗೆಯಿತು. ಬೈಔಟ್ ಸುಮಾರು 7 ಕೋಟಿ 60 ಲಕ್ಷ ಡಾಲರ್, ಮತ್ತು ಫಿಷರ್ ಬೇರೆಡೆ ಕೆಲಸ ಹಿಡಿದರೆ ಮೊತ್ತ ಇಳಿಯಬೇಕೆಂಬ ಷರತ್ತು ಒಪ್ಪಂದದಲ್ಲಿ ಇರಲಿಲ್ಲ. ಕ್ರೀಡಾ ವಿಭಾಗ ಮತ್ತು ದಾನಿಗಳ 'ಟ್ವೆಲ್ತ್ ಮ್ಯಾನ್' ಪ್ರತಿಷ್ಠಾನ ಈ ಹಣವನ್ನು ಭರಿಸುವುದೆಂದು, ಬೋಧನೆಯ ಹಣಕ್ಕೆ ಕೈಹಾಕುವುದಿಲ್ಲವೆಂದು ವಿಶ್ವವಿದ್ಯಾಲಯ ತಿಳಿಸಿತು. ದಾನಿಯೊಬ್ಬ ಗ್ರಂಥಾಲಯಕ್ಕೋ ಪ್ರಯೋಗಾಲಯಕ್ಕೋ ಕೊಡಬಹುದಾಗಿದ್ದ ಹಣವು ಒಬ್ಬ ಮನುಷ್ಯ ಕೆಲಸ ಮಾಡದಿರಲೆಂದು ಸಂದಾಯವಾಗುವಾಗ, ಅದನ್ನು ಬೋಧನೆಯ ಹಣವಲ್ಲ ಎನ್ನುವುದರಿಂದ ವಿದ್ಯಾಸಂಸ್ಥೆಯ ನಷ್ಟ ಕಡಿಮೆಯಾಗುವುದಿಲ್ಲ.

ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯ 2025ರ ಅಕ್ಟೋಬರ್ 26ರಂದು ಬ್ರಯನ್ ಕೆಲಿ ಅವರನ್ನು ತೆಗೆದಾಗ ಉಳಿದಿದ್ದ ಬೈಔಟ್ ಸುಮಾರು 5 ಕೋಟಿ 40 ಲಕ್ಷ ಡಾಲರ್. ಆ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ, ದಾನಿಗಳು ಕೈಕೊಟ್ಟರೆ ಹೊಣೆ ರಾಜ್ಯದ ಜನರ ಮೇಲೆ ಬೀಳುವುದೆಂದು ಬಹಿರಂಗವಾಗಿ ಆಕ್ಷೇಪಿಸಿದರು; ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಕೆಲವೇ ದಿನಗಳಲ್ಲಿ ಹುದ್ದೆ ತೊರೆದರು. 2017ರಲ್ಲಿ ಟೆಕ್ಸಸ್ ಎ ಅಂಡ್ ಎಂನ ಕ್ರೀಡಾ ನಿರ್ದೇಶಕರಾಗಿದ್ದು ಫಿಷರ್ ಅವರನ್ನು ಕರೆತಂದವರೂ ಇವರೇ. ತಿಂಗಳು ಕಳೆದ ಬಳಿಕ ಅದೇ ವಿಶ್ವವಿದ್ಯಾಲಯ ಲೇನ್ ಕಿಫಿನ್ ಅವರನ್ನು 7 ವರ್ಷಗಳ, ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ನೇಮಿಸಿತು. ಅದೇ ವರ್ಷದ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ತಮ್ಮ ಎಲ್ಲ ಕ್ರೀಡೆಗಳ ಆಟಗಾರರಿಗೆ ಮೊದಲ ವರ್ಷದಲ್ಲಿ ಒಟ್ಟು 2 ಕೋಟಿ 5 ಲಕ್ಷ ಡಾಲರ್‌ಗಳವರೆಗೆ ನೇರವಾಗಿ ಹಂಚಲು ಅವಕಾಶವಾಗಿದ್ದು, ನೂರಾರು ಆಟಗಾರರ ಆ ಮಿತಿಯ ಅರ್ಧಕ್ಕಿಂತ ಹೆಚ್ಚು ಮೊತ್ತ ಕಿಫಿನ್ ಒಬ್ಬರ ಸಂಬಳಕ್ಕೆ ನಿಗದಿಯಾಗಿದೆ. ಹಳೆಯ ಒಪ್ಪಂದಗಳ ಹೊರೆಯೂ ಇಳಿದಿಲ್ಲ. ಫಿಷರ್ ಅವರ ಬೈಔಟ್‌ನಲ್ಲಿ 1 ಕೋಟಿ 92 ಲಕ್ಷ ಡಾಲರ್ 60 ದಿನಗಳೊಳಗೆ ಸಲ್ಲತಕ್ಕದ್ದಾಗಿತ್ತು, ಉಳಿದುದು ವರ್ಷಕ್ಕೆ 72 ಲಕ್ಷ ಡಾಲರ್‌ಗಳಂತೆ 2031ರವರೆಗೆ. 2027ರಲ್ಲಿ ಟೆಕ್ಸಸ್ ಎ ಅಂಡ್ ಎಂಗೆ ಸೇರುವ ವಿದ್ಯಾರ್ಥಿ ನಾಲ್ಕು ವರ್ಷ ಓದಿ ಪದವಿ ಪಡೆಯುವ ವರ್ಷದವರೆಗೂ ಆ ಕಂತುಗಳು ಸಲ್ಲುತ್ತಿರುತ್ತವೆ.